ಹಾವು ಕಚ್ಚಿದವರನ್ನು ಮುಂದಕ್ಕೆ ಸಾಗಹಾಕಬೇಡಿ

ಒಣಗಿದ, ಸ್ವಚ್ಛವಾದ ಒಂದು ಗಾಜಿನ ನಳಿಕೆ. ಅದರೊಳಗೆ ಹಾವು ಕಚ್ಚಿಸಿಕೊಂಡವರ 2 ಮಿಲಿಲೀಟರ್ ರಕ್ತ. ಅಲ್ಲಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಬಗ್ಗಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟಿ ತಳಕ್ಕೆ ಕಚ್ಚಿಕೊಂಡಿದ್ದರೆ ರಕ್ತದ ಮಟ್ಟಿಗೆ ಸದ್ಯಕ್ಕೆ ನಿಟ್ಟುಸಿರು ಬಿಡಬಹುದು. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ಕೆಲಸ ಶುರುಮಾಡಿದೆ ಎಂದೇ ತಿಳಿದು ತಕ್ಷಣ ಪ್ರತಿವಿಷ ಏರಿಸಬೇಕು. ಇದಕ್ಕೆ ಲ್ಯಾಬ್ ಬೇಡ, ಕರೆಂಟ್ ಬೇಡ. ಪ್ಲಾಸ್ಟಿಕ್ ನಳಿಕೆ ಮಾತ್ರ ಆಗದು; ಗಾಜಿನ ಮೈ ತಾಗಿದರೇನೇ ರಕ್ತ ಸರಿಯಾಗಿ ಹೆಪ್ಪುಗಟ್ಟುವುದು.

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಬಹುದಾದ ಪರೀಕ್ಷೆ ಇದು. ಆದರೆ ಎಷ್ಟೋ ಕಡೆ ನಡೆಯುವುದು ಬೇರೆ. ಹಾವು ಕಚ್ಚಿದೆ ಎಂದ ಕೂಡಲೇ ಚೀಟಿ ಬರೆದು ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾಸ್ಪತ್ರೆಗೆ. ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ರು’ ಎಂಬ ಮಾತು ಹಳ್ಳಿಗಳಲ್ಲಿ ಕೇಳಿ ಕೇಳಿ ಸವೆದುಹೋಗಿದೆ. ಆ ದಾರಿಯುದ್ದಕ್ಕೂ ಮೈಯಲ್ಲಿ ಏನಾಗುತ್ತಿರುತ್ತದೆ ಎಂದು ತಿಳಿದರೆ ಆ ಚೀಟಿಯ ಭಾರ ಗೊತ್ತಾಗುತ್ತದೆ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆಯನ್ನು ಒಮ್ಮೆಲೇ ಕೆರಳಿಸುತ್ತದೆ. ಗಾಯ ಮುಚ್ಚಲೆಂದು ದೇಹ ಕೂಡಿಟ್ಟ ಫೈಬ್ರಿನೋಜೆನ್ ಎಂಬ ಪ್ರೋಟೀನ್ ವ್ಯರ್ಥವಾಗಿ ಖರ್ಚಾಗಿ, ಕೊನೆಗೆ ರಕ್ತ ನಿಲ್ಲಿಸಲು ಏನೂ ಉಳಿಯುವುದಿಲ್ಲ. ವಸಡಿನಲ್ಲಿ ಒಸರುತ್ತದೆ, ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ ಮೂತ್ರಪಿಂಡಕ್ಕೆ ಪೆಟ್ಟು. ಕಟ್ಟುಹಾವಿನದು ಬೇರೆಯೇ ಬಗೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಡುರಾತ್ರಿ ಕಚ್ಚುತ್ತದೆ; ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ. ಆ ಹೊತ್ತಿಗೆ ವಿಷ ನರದ ತುದಿಗಳನ್ನೇ ಹಾಳುಗೆಡವುತ್ತಿರುತ್ತದೆ. ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿದು ಕಟ್ಟಿಹಾಕಬಲ್ಲದು. ಹಾಳಾದ ನರವನ್ನಾಗಲಿ, ಸೋತ ಮೂತ್ರಪಿಂಡವನ್ನಾಗಲಿ ಹಿಂದಕ್ಕೆ ತರಲಾರದು. ಅದಕ್ಕೇ ಮೊದಲ ಬಾಟಲಿ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಏರಬೇಕು ಎಂದು ನಾನು ಹಟ ಹಿಡಿಯುವುದು. ಆಮೇಲೆ ಬೇಕಿದ್ದರೆ 108 ಹತ್ತಿಸಿ ಕಳಿಸಲಿ.

ವೈದ್ಯರು ಹಿಂಜರಿಯುವುದಕ್ಕೂ ಕಾರಣವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದದ್ದು; ಕೆಲವರ ಮೈಗೆ ಒಗ್ಗದೆ ಅಲರ್ಜಿ ಕೆರಳಿ ರಕ್ತದೊತ್ತಡ ಕುಸಿಯುತ್ತದೆ. ಅದನ್ನು ತಡೆಯಲು ತೊಡೆಗೆ ಕೊಡುವ ಅರ್ಧ ಮಿಲಿಲೀಟರ್ ಅಡ್ರಿನಾಲಿನ್ ಸಾಮಾನ್ಯವಾಗಿ ಸಾಕಾಗುತ್ತದೆ. ಒಬ್ಬರೇ ವೈದ್ಯರು, ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್, ಹೊರಗೆ ಐವತ್ತು ಜನ ನೆಂಟರು. ತರಬೇತಿಯಿಲ್ಲದೆ, ಬೆನ್ನಿಗೆ ಯಾರೂ ನಿಲ್ಲದೆ ಯಾರು ತಾನೇ ಧೈರ್ಯ ಮಾಡಿಯಾರು? ಸಿರಿಂಜಿನಲ್ಲಿ ಅಡ್ರಿನಾಲಿನ್ ತುಂಬಿಟ್ಟುಕೊಂಡು ಪ್ರತಿವಿಷ ಏರಿಸುವುದನ್ನು ಕೈಹಿಡಿದು ಕಲಿಸಬೇಕು. ಉಸಿರು ನಿಲ್ಲುವಂತಾದರೆ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತಾ ಊರು ದಾಟಿಸುವುದನ್ನೂ ಕಲಿಸಬೇಕು. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ ಕೊಡಬೇಕು, ಯಾಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ವರ್ಷಕ್ಕೆ ಸರಾಸರಿ 58,000. ಕಾಲುಭಾಗಕ್ಕಿಂತ ಹೆಚ್ಚು ಮಂದಿ 15 ತುಂಬದ ಮಕ್ಕಳು. ಬಹುಪಾಲು ಸಾವು ಹಳ್ಳಿಗಳಲ್ಲಿ, ಮನೆಯಲ್ಲೇ ಆದದ್ದು. ಆಸ್ಪತ್ರೆಯ ದಾಖಲೆಗೆ ಬಾರದ ಸಾವು ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕ ಸಿಗದಿದ್ದರೆ ಯಾವ ತಾಲ್ಲೂಕಿಗೆ ಎಷ್ಟು ಬಾಟಲಿ ಕಳಿಸಬೇಕೆಂದು ತಿಳಿಯುವುದಾದರೂ ಹೇಗೆ? ಹಾಗಾಗಿ 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದ್ದು ದೊಡ್ಡ ಹೆಜ್ಜೆ. ಖಾಸಗಿ ಆಸ್ಪತ್ರೆಗಳೂ ಈಗ ವರದಿ ಕೊಡಬೇಕು. ಮರುತಿಂಗಳೇ ಕೇಂದ್ರವೂ 2030ರೊಳಗೆ ಸಾವನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆ ಹೊರಡಿಸಿತು.

ಔಷಧದಲ್ಲೂ ಕೊರತೆಯಿದೆ. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಅದಕ್ಕೆ ಬೇಕಾದ ವಿಷದ ಬಹುಪಾಲು ಬಂದಿರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಮಲೆನಾಡಿನ ತೋಟಗಳಲ್ಲಿ ಕಾಲಿಗೆ ಸಿಗುವ ಉಬ್ಬುಮೂತಿಯ ಗುಳಿಮಂಡಲಕ್ಕಂತೂ ಈ ಔಷಧ ತಯಾರಾದದ್ದೇ ಅಲ್ಲ.

ಇನ್ನೊಂದು ಮಾತು ಆರೋಗ್ಯ ಇಲಾಖೆಯ ಕಡತದಲ್ಲಿ ಎಂದೂ ಬರುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ಗದ್ದೆಗೆ ಹೋಗಬೇಕು. ಬರಿಗಾಲು, ಕೈಯಲ್ಲಿ ಮೊಬೈಲ್ ಬೆಳಕು, ಇಲಿ ಹುಡುಕಿ ಬದುವಿನ ಮೇಲೆ ಹರಿದಾಡುವ ಕೊಳಕುಮಂಡಲ. ಹಗಲು ಕರೆಂಟ್ ಕೊಡಿ ಎಂದು ರೈತರು ವರ್ಷಗಳಿಂದ ಕೇಳುತ್ತಿರುವುದು ಜೀವದ ಪ್ರಶ್ನೆಯೂ ಹೌದು. ಕೃಷಿ ಫೀಡರುಗಳಿಗೆ ಸೋಲಾರ್ ಜೋಡಿಸುವ ಕುಸುಮ್ ಯೋಜನೆ ಬೇಗ ಮುಗಿದಷ್ಟೂ ಹಾವು ಕಡಿತ ಕಡಿಮೆಯಾಗುತ್ತದೆ ಎಂದೇ ನನ್ನ ನಂಬಿಕೆ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ಇವತ್ತು ಎಷ್ಟು ಬಾಟಲಿ ಪ್ರತಿವಿಷ ಇದೆ? ಮೊದಲ ಸುತ್ತಿಗೇ ಒಬ್ಬರಿಗೆ 10 ಬೇಕಾಗಬಹುದು. ಅವಧಿ ಯಾವಾಗ ಮುಗಿಯುತ್ತದೆ? ಗಾಜಿನ ನಳಿಕೆ ಇದೆಯೇ? ರಾತ್ರಿ ಎರಡು ಗಂಟೆಗೆ ಬಾಗಿಲು ತೆರೆಯುವವರು ಯಾರು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಮುಂಗಾರು ಹಿಡಿಯುವ ಮುಂಚೆ.