ಅಮೆರಿಕದಿಂದ ಅಂಚೆಯಲ್ಲಿ ಚೆಕ್ ತರಿಸಿಕೊಳ್ಳಬಹುದೇ? ಚಿಂತಾಮಣಿಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಚಿಂತಾಮಣಿ ತಾಲ್ಲೂಕಿನವರು. ನಮ್ಮ ದೊಡ್ಡಣ್ಣನವರು ಬಹಳ ವರ್ಷಗಳಿಂದ ಅಮೆರಿಕದಲ್ಲಿದ್ದು ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾರೆ. ತಾಯಿಯವರ ಔಷಧೋಪಚಾರಕ್ಕೆ ಒಂದಿಷ್ಟು, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಒಂದಿಷ್ಟು ಹಣ ಕಳುಹಿಸಬೇಕೆಂದಿದ್ದಾರೆ. ಮೊಬೈಲಿನಲ್ಲಿ ಹಣ ಕಳುಹಿಸಲು ಅವರಿಗೆ ಧೈರ್ಯವಿಲ್ಲ. ಚೆಕ್ ಬರೆದು ಅಂಚೆಗೆ ಹಾಕುತ್ತೇನೆ ಎನ್ನುತ್ತಾರೆ. ಇದು ಸುರಕ್ಷಿತವೇ? ಏನೇನು ಎಚ್ಚರಿಕೆ ವಹಿಸಬೇಕು?

ಉತ್ತರ: ಮನೆ ಬಾಡಿಗೆ, ವಿದ್ಯುತ್ ಬಿಲ್ಲು, ವಿಮೆಯ ಕಂತು ಇವೆಲ್ಲವನ್ನೂ ಚೆಕ್ ಬರೆದು ಅಂಚೆಯ ಮೂಲಕವೇ ಕಟ್ಟುವ ರೂಢಿ ಅಮೆರಿಕದಲ್ಲಿ ದಶಕಗಳಿಂದ ನಡೆದುಬಂದಿದ್ದು, ಹಿರಿಯ ತಲೆಮಾರಿನವರಲ್ಲಿ ಅದು ಇಂದಿಗೂ ಉಳಿದಿರುವುದರಿಂದ ನಿಮ್ಮ ಅಣ್ಣನವರ ಯೋಚನೆಯಲ್ಲಿ ವಿಚಿತ್ರವೇನೂ ಇಲ್ಲ. ಆದರೆ ಅಲ್ಲಿಯ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಚೆಕ್ಕಿಗೂ ಅಲ್ಲಿಂದ ಚಿಂತಾಮಣಿಗೆ ಬರುವ ಚೆಕ್ಕಿಗೂ ಬಹಳ ವ್ಯತ್ಯಾಸವಿದೆ. ಲಕೋಟೆ ದಾರಿಯಲ್ಲಿ ಕಳೆದುಹೋದೀತೆಂಬುದು ಸಾಮಾನ್ಯವಾಗಿ ಎಲ್ಲರ ಭಯ. ನನ್ನ ಅಭಿಪ್ರಾಯದಲ್ಲಿ, ಲಕೋಟೆಯನ್ನು ಎಷ್ಟು ಭದ್ರಪಡಿಸಿದ್ದೀರಿ ಎಂಬುದಕ್ಕಿಂತ, ಅದು ಬೇರೆಯವರ ಕೈಗೆ ಸಿಕ್ಕಿದರೆ ಒಳಗಿನ ಕಾಗದದಿಂದ ಅವರಿಗೆ ಏನು ದಕ್ಕೀತು ಎಂಬ ಪ್ರಶ್ನೆಯೇ ದೊಡ್ಡದು.

ಹೀಗೆ ನೋಡಿದರೆ ನೋಟುಗಳನ್ನು ಅಂಚೆಯಲ್ಲಿ ಕಳುಹಿಸುವ ಮಾತೇ ಬೇಡ. 1874ರಲ್ಲಿ ಸ್ಥಾಪನೆಯಾಗಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ವಿಶ್ವ ಅಂಚೆ ಒಕ್ಕೂಟದ ಒಪ್ಪಂದವು, ವಿಮೆ ಮಾಡದ ಪತ್ರಗಳೊಳಗೆ ನಾಣ್ಯ, ನೋಟು, ಟ್ರಾವೆಲರ್ಸ್ ಚೆಕ್, ಕೈಯಲ್ಲಿ ಹಿಡಿದವರಿಗೆ ಹಣ ಸಲ್ಲುವಂತಹ ಯಾವುದೇ ಪತ್ರ, ಚಿನ್ನ, ಬೆಳ್ಳಿ ಮುಂತಾದವನ್ನು ಇಡುವುದನ್ನು ನಿಷೇಧಿಸಿದೆ. ಕಳುಹಿಸುವ ಮತ್ತು ಪಡೆಯುವ ಎರಡೂ ದೇಶಗಳ ಕಾನೂನು ಒಪ್ಪಿದರೆ ಮಾತ್ರ ರಿಜಿಸ್ಟರ್ಡ್ ಪೋಸ್ಟ್‌ಗೆ ಅದರಲ್ಲಿ ವಿನಾಯಿತಿ ಉಂಟು. ಮನೆಖರ್ಚಿನ ಹಣಕ್ಕಾಗಿ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ. ಹಬ್ಬದ ಶುಭಾಶಯ ಪತ್ರದೊಳಗೆ ಮೊಮ್ಮಕ್ಕಳಿಗೆಂದು ಇಪ್ಪತ್ತು ಡಾಲರಿನ ನೋಟನ್ನು ಮಡಚಿಡುವವರು ಈಗಲೂ ಇದ್ದಾರೆ. ಅದು ತಲುಪದೇ ಹೋದರೆ ದೂರು ಕೊಡುವುದಕ್ಕೂ ಬಾಯಿರುವುದಿಲ್ಲ, ಏಕೆಂದರೆ ಇಡಬಾರದ್ದನ್ನು ಇಟ್ಟವರು ಅವರೇ.

ಚೆಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕಾದದ್ದು. ನಮ್ಮಲ್ಲಿ ಚೆಕ್ಕಿನ ಎಡಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆದರೆ ಆ ಹಣ ಹೆಸರಿರುವವರ ಖಾತೆಗೇ ಜಮೆಯಾಗಬೇಕು. ಗೆರೆ ಎಳೆದ ಚೆಕ್ಕಿಗೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಬಲವೂ ಇದೆ. ಅಮೆರಿಕದಲ್ಲಿ ಈ ಪದ್ಧತಿ ಇಲ್ಲ. ಅಲ್ಲಿ ಗೆರೆ ಎಳೆದರೂ ಅದಕ್ಕೆ ಕಾನೂನಿನ ಬೆಲೆ ಇರುವುದಿಲ್ಲವಾದ್ದರಿಂದ, ‘ಕ್ರಾಸ್ ಮಾಡಿ ಕಳುಹಿಸಿ’ ಎಂದು ನೀವು ಅಣ್ಣನವರಿಗೆ ಹೇಳಿ ನಿಶ್ಚಿಂತರಾಗುವಂತಿಲ್ಲ. ಇದಲ್ಲದೆ ಅಲ್ಲಿಯ ಚೆಕ್ಕಿನ ಕೆಳಭಾಗದಲ್ಲಿ ಬ್ಯಾಂಕನ್ನು ಗುರುತಿಸುವ ಒಂಬತ್ತು ಅಂಕಿಗಳ ರೂಟಿಂಗ್ ಸಂಖ್ಯೆಯೂ ಅವರ ಖಾತೆಯ ಸಂಖ್ಯೆಯೂ ಅಚ್ಚಾಗಿರುತ್ತವೆ. ಚೆಕ್ ಕದ್ದವನಿಗೆ ಆ ಒಂದು ಮೊತ್ತ ಮಾತ್ರವಲ್ಲ, ಇಡೀ ಖಾತೆಯ ವಿವರವೇ ಸಿಕ್ಕಂತಾಗುತ್ತದೆ. ಅಂಚೆಪೆಟ್ಟಿಗೆಗಳಿಂದ ಚೆಕ್ ಕದ್ದು, ಶಾಯಿಯನ್ನು ರಾಸಾಯನಿಕದಲ್ಲಿ ತೊಳೆದು, ಹೆಸರನ್ನೂ ಮೊತ್ತವನ್ನೂ ಹೊಸದಾಗಿ ಬರೆದುಕೊಳ್ಳುವ ವಂಚನೆ ಅಲ್ಲಿ ಎಷ್ಟು ಹೆಚ್ಚಾಯಿತೆಂದರೆ, ಅಮೆರಿಕದ ಖಜಾನೆ ಇಲಾಖೆಯಲ್ಲಿ ಹಣಕಾಸು ಅಪರಾಧಗಳ ಮೇಲೆ ಕಣ್ಣಿಡುವ ವಿಭಾಗವು 2023ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆ ಇದೇ ವಿಷಯವಾಗಿ ಎಚ್ಚರಿಕೆಯ ಸುತ್ತೋಲೆ ಕಳುಹಿಸಬೇಕಾಯಿತು. ಅಂದರೆ ಅಪಾಯ ಹೆಚ್ಚಿರುವುದು ನಮ್ಮ ಅಂಚೆಯಣ್ಣನ ಚೀಲದಲ್ಲಿಯೇ ಎಂದು ಭಾವಿಸಬೇಕಾಗಿಲ್ಲ. ಅದು ಅವರ ಮನೆಯ ಮುಂದಿನ ಪೆಟ್ಟಿಗೆಯಿಂದಲೇ ಶುರುವಾಗುತ್ತದೆ.

ಇಷ್ಟಾದರೂ ಚೆಕ್ಕನ್ನೇ ಕಳುಹಿಸುವುದಾದರೆ ಅವರು ಕಪ್ಪು ಜೆಲ್ ಪೆನ್ನಿನಿಂದ ಬರೆಯಲಿ. ಆ ಶಾಯಿ ಕಾಗದದೊಳಕ್ಕೆ ಇಳಿಯುವುದರಿಂದ ತೊಳೆಯುವುದು ಕಷ್ಟ. ಮೊತ್ತದ ಮುಂದೆ ಉಳಿದ ಜಾಗದಲ್ಲಿ ಗೆರೆ ಎಳೆಯಲಿ, ಚೆಕ್ಕಿನ ಎರಡೂ ಬದಿಯ ಚಿತ್ರವನ್ನು ತೆಗೆದಿಟ್ಟುಕೊಳ್ಳಲಿ, ಕಾಗದ ಹೊರಗಿನಿಂದ ಕಾಣದಂತಹ ದಪ್ಪ ಲಕೋಟೆಯಲ್ಲಿಟ್ಟು ಬೀದಿಯ ಪೆಟ್ಟಿಗೆಗೆ ಹಾಕದೆ ಅಂಚೆ ಕಚೇರಿಯ ಕೌಂಟರಿನಲ್ಲೇ ಕೊಡಲಿ. ತಾರೀಖಿನ ವಿಷಯದಲ್ಲಿಯೂ ಗಮನವಿರಬೇಕು. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೆಯುವುದರಿಂದ 5/11 ಎಂದಿದ್ದರೆ ಅದು ಅಲ್ಲಿ ಮೇ 11, ಇಲ್ಲಿ ನವೆಂಬರ್ 5. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಈ ಗೊಂದಲವೇ ಹುಟ್ಟುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಚೆಕ್ ತಲುಪಿದ ಮೇಲೂ ಜಮೆಯಾಗದೇ ಉಳಿಯುವುದಕ್ಕೆ ಬಲವಾದ ಕಾರಣವೆಂದರೆ ಹೆಸರು. ತಾಯಿಯವರನ್ನು ಮನೆಯಲ್ಲಿ ವೆಂಕಟಮ್ಮ ಎಂದು ಕರೆಯುತ್ತಿದ್ದು, ಪಾಸ್‌ಬುಕ್ಕಿನಲ್ಲಿ ಮುನಿವೆಂಕಟಮ್ಮ ಎಂದಿದ್ದು, ಮಗ ಅಮೆರಿಕದ ಪದ್ಧತಿಯಂತೆ ಅದರ ಕೊನೆಗೆ ತನ್ನ ಮನೆತನದ ಹೆಸರನ್ನೂ ಸೇರಿಸಿ ಬರೆದರೆ, ಮೂರು ಬೇರೆ ಬೇರೆ ವ್ಯಕ್ತಿಗಳು ತಯಾರಾದಂತೆಯೇ ಸರಿ. ಬ್ಯಾಂಕಿನವರು ಹಿಂದಿರುಗಿಸಿದರೆ ಅವರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿ ಯಾವ ಕಾಗುಣಿತವಿದೆಯೋ, ಇನಿಶಿಯಲ್ ಸಮೇತ ಅದನ್ನೇ ಅಕ್ಷರಶಃ ಬರೆಯಬೇಕು.

ವಿಳಾಸದ ಬಗ್ಗೆಯೂ ಅನೇಕರು ಕೇಳುತ್ತಾರೆ. ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ; ಅದಕ್ಕೂ ಮೊದಲೇ ಊರು ಬಿಟ್ಟವರು ಇಂದಿಗೂ ‘ಕೋಲಾರ ಜಿಲ್ಲೆ’ ಎಂದೇ ಬರೆಯುತ್ತಾರೆ. ನಿಮ್ಮ ಚಿಂತಾಮಣಿಯ ಪಿನ್‌ಕೋಡ್ 563125, ಅಂದರೆ ಅದರ ಮೊದಲ ಮೂರು ಅಂಕಿಗಳು ಕೋಲಾರದ 563101ರಲ್ಲಿರುವಂಥವೇ ಆಗಿದ್ದು, ಚಿಕ್ಕಬಳ್ಳಾಪುರದ್ದು 562101. ಹಳ್ಳಿಗೆ ಬೇರೆ ಅಂಚೆ ಕಚೇರಿ ಇದ್ದರೆ ಅದರ ಪಿನ್‌ಕೋಡನ್ನೇ ಬರೆಯಿಸಿ. ಪಿನ್ ಸರಿಯಿದ್ದರೆ ಜಿಲ್ಲೆಯ ಹಳೆಯ ಹೆಸರಿನಿಂದ ಪತ್ರ ದಾರಿ ತಪ್ಪುವುದು ಅಪರೂಪ. 2014ರ ನವೆಂಬರ್ 1ರಂದು ತುಮಕೂರಿನ ಇಂಗ್ಲಿಷ್ ಕಾಗುಣಿತ ಬದಲಾದುದರಿಂದಲೂ ಇಂಥ ತೊಂದರೆಯೇನಿಲ್ಲ. ಆದರೆ ನಿಮ್ಮ ಮೊಬೈಲ್ ಸಂಖ್ಯೆಯೂ ದೇಶದ ಹೆಸರೂ ಲಕೋಟೆಯ ಮೇಲೆ ಸ್ಪಷ್ಟವಾಗಿರಲೇಬೇಕು.

ರಿಜಿಸ್ಟರ್ಡ್ ಪೋಸ್ಟ್‌ನಲ್ಲಿಯೋ ಎಕ್ಸ್‌ಪ್ರೆಸ್ ಅಂಚೆಯಲ್ಲಿಯೋ ಕಳುಹಿಸಿದರೆ ಅವರಿಗೆ ಹದಿಮೂರು ಸ್ಥಾನಗಳ ಒಂದು ಸಂಖ್ಯೆ ಸಿಗುತ್ತದೆ: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ಕಳುಹಿಸಿದ ದೇಶವನ್ನು ಸೂಚಿಸುವ ಎರಡು ಅಕ್ಷರ. ರಿಜಿಸ್ಟರ್ಡ್ ಆಗಿದ್ದರೆ ಅದು ‘ಆರ್’ ಅಕ್ಷರದಿಂದಲೂ ಎಕ್ಸ್‌ಪ್ರೆಸ್ ಆಗಿದ್ದರೆ ‘ಇ’ ಅಕ್ಷರದಿಂದಲೂ ಆರಂಭವಾಗುತ್ತದೆ. ಅದೇ ಸಂಖ್ಯೆಯನ್ನು ಭಾರತೀಯ ಅಂಚೆಯ ಜಾಲತಾಣದಲ್ಲಿ ಹಾಕಿದರೆ ಪತ್ರ ಎಲ್ಲಿದೆಯೆಂದು ಇಲ್ಲಿಂದಲೇ ನೋಡಬಹುದು. ನಮ್ಮ ಇಲಾಖೆಯು 2025ರಲ್ಲಿ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನಗೊಳಿಸಿರುವುದನ್ನು ಕೇಳಿ, ಹೊರದೇಶದಿಂದ ಬರುವ ರಿಜಿಸ್ಟರ್ಡ್ ಪತ್ರವೂ ನಿಂತುಹೋಗಿದೆಯೆಂದು ತಿಳಿಯಬೇಡಿ. ಒಂದು ಮಾತು ಮಾತ್ರ ನೆನಪಿರಲಿ: ರಿಜಿಸ್ಟರ್ಡ್ ಪತ್ರ ಕಳೆದುಹೋದರೆ ಅಂಚೆಯವರು ಕೊಡುವುದು ಒಂದು ಚಿಕ್ಕ ನಿಗದಿತ ಪರಿಹಾರವನ್ನು, ಚೆಕ್ಕಿನಲ್ಲಿ ಬರೆದ ಮೊತ್ತವನ್ನಲ್ಲ.

ಚೆಕ್ ಕೈಸೇರಿದ ಮೇಲೆ ಇನ್ನೊಂದು ಕಥೆ. ಡಾಲರ್ ಚೆಕ್ಕನ್ನು ನಿಮ್ಮ ಶಾಖೆಯವರು ‘ಕಲೆಕ್ಷನ್’ಗೆಂದು ಅಮೆರಿಕದ ಬ್ಯಾಂಕಿಗೆ ಕಳುಹಿಸಿ, ಅಲ್ಲಿಂದ ಹಣ ಬಂದ ಮೇಲೆ ರೂಪಾಯಿಗೆ ಪರಿವರ್ತಿಸಿ ಜಮೆ ಮಾಡುತ್ತಾರೆ. ಇದಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ. ಎರಡೂ ಕಡೆಯ ಬ್ಯಾಂಕುಗಳು ಶುಲ್ಕ ಕಡಿದುಕೊಳ್ಳುವುದರಿಂದ ಚಿಕ್ಕ ಮೊತ್ತದ ಚೆಕ್ಕಿನಲ್ಲಿ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಅನೇಕ ಶಾಖೆಗಳು ಈಗ ವಿದೇಶಿ ಚೆಕ್ಕುಗಳನ್ನು ಸ್ವೀಕರಿಸುವುದೇ ಇಲ್ಲವಾದ್ದರಿಂದ, ಅಣ್ಣನವರು ಚೆಕ್ ಬರೆಯುವುದಕ್ಕೆ ಮೊದಲೇ ನೀವು ಹೋಗಿ ಮ್ಯಾನೇಜರನ್ನು ವಿಚಾರಿಸಬೇಕು. ಆರು ತಿಂಗಳು ದಾಟಿದ ಚೆಕ್ಕಿಗೆ ಹಣ ಕೊಡಬೇಕಾದ ಬಾಧ್ಯತೆ ಅಮೆರಿಕದ ಬ್ಯಾಂಕಿಗಿಲ್ಲ. ಕೆಲವು ಬ್ಯಾಂಕುಗಳು ಹಣ ಬರುವ ಮೊದಲೇ ತಾತ್ಕಾಲಿಕವಾಗಿ ಜಮೆ ತೋರಿಸುವುದುಂಟು. ಚೆಕ್ ತಿರಸ್ಕೃತವಾದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಯ ಖರ್ಚಿಗೆ ಬೇಕಾದ ಹಣವನ್ನು ಇಂಥ ದಾರಿಯಲ್ಲಿ ತರಿಸಿಕೊಳ್ಳುವುದು ಸಲ್ಲದೆಂದೇ ನನ್ನ ಸಲಹೆ.

ಚೆಕ್ಕಿಗಿಂತ ಮೇಲಾದ ಕಾಗದವೆಂದರೆ ಭಾರತದ ಬ್ಯಾಂಕಿನ ಮೇಲೆ ರೂಪಾಯಿಯಲ್ಲಿ ಬರೆದ ಡಿಮ್ಯಾಂಡ್ ಡ್ರಾಫ್ಟ್; ಅದನ್ನು ಕೊಡುವ ಬ್ಯಾಂಕು ಅವರಿರುವ ಊರಿನಲ್ಲಿ ಇದೆಯೇ ಎಂಬುದನ್ನು ಅವರೇ ವಿಚಾರಿಸಿಕೊಳ್ಳಬೇಕು. ಅದರಲ್ಲಿ ಖಾತೆಯ ಸಂಖ್ಯೆ ಬಯಲಾಗುವುದಿಲ್ಲ, ಕಲೆಕ್ಷನ್ನಿಗೆ ಕಡಲು ದಾಟಬೇಕಾಗಿಲ್ಲ, ಗೆರೆ ಎಳೆದರೆ ಅದಕ್ಕೆ ಇಲ್ಲಿ ಬೆಲೆಯುಂಟು. ಆದರೆ 2012ರ ಏಪ್ರಿಲ್ 1ರಿಂದ ಭಾರತದ ಚೆಕ್ ಮತ್ತು ಡ್ರಾಫ್ಟುಗಳ ಅವಧಿ ಮೂರು ತಿಂಗಳು ಮಾತ್ರ ಎಂಬುದನ್ನು ಮರೆಯುವಂತಿಲ್ಲ.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿದಾಗ ನನಗೆ ತೋರಿದ್ದೆಂದರೆ, ಅಣ್ಣನವರಿಗೆ ಭಯವಿರುವುದು ಮೊಬೈಲಿನ ಬಗ್ಗೆಯೇ ಹೊರತು ಬ್ಯಾಂಕಿನ ಬಗ್ಗೆ ಅಲ್ಲ. ಹಾಗಿದ್ದರೆ ಅವರು ಮೊಬೈಲನ್ನು ಮುಟ್ಟಬೇಕಾಗಿಯೇ ಇಲ್ಲ. ತಮ್ಮ ಬ್ಯಾಂಕಿನ ಶಾಖೆಗೆ ಸ್ವತಃ ಹೋಗಿ, ಕೌಂಟರಿನಲ್ಲಿ ಕುಳಿತು, ಫಾರಂ ತುಂಬಿ, ಸಹಿ ಹಾಕಿ, ರಶೀದಿ ಪಡೆದು ತಾಯಿಯವರ ಖಾತೆಗೆ ನೇರವಾಗಿ ವೈರ್ ವರ್ಗಾವಣೆ ಮಾಡಿಸಬಹುದು. ಅಂಚೆಯನ್ನು ಉಪಯೋಗಿಸುವುದೇ ಆದರೆ ಇಲ್ಲಿಂದ ಅಲ್ಲಿಗೆ ಉಪಯೋಗಿಸಿ: ಖಾತೆದಾರರ ಹೆಸರು, ಖಾತೆ ಸಂಖ್ಯೆ, ಶಾಖೆಯ ವಿಳಾಸ, ಭಾರತದೊಳಗೆ ಶಾಖೆಯನ್ನು ಗುರುತಿಸುವ ಹನ್ನೊಂದು ಸ್ಥಾನಗಳ ಐಎಫ್‌ಎಸ್‌ಸಿ, ಹೊರದೇಶದ ವರ್ಗಾವಣೆಗೆ ಬ್ಯಾಂಕನ್ನು ಗುರುತಿಸುವ ಎಂಟು ಅಥವಾ ಹನ್ನೊಂದು ಸ್ಥಾನಗಳ ಸ್ವಿಫ್ಟ್ ಕೋಡ್ ಇವನ್ನು ಅಚ್ಚು ಮಾಡಿಸಿ ಕಳುಹಿಸಿಕೊಡಿ. ಆ ಪತ್ರ ಕಳೆದರೆ ಹಣ ಹೋಗುವುದಿಲ್ಲ. ಚಿಕ್ಕ ಊರಿನ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇರದೇ ಇರಬಹುದು. ಆಗ ಅದೇ ಬ್ಯಾಂಕಿನ ಯಾವ ಶಾಖೆಯ ಮೂಲಕ ಹಣ ಬರಬೇಕೆಂದು ನಿಮ್ಮ ಶಾಖೆಯವರೇ ಬರೆದುಕೊಡುತ್ತಾರೆ.

ಅಣ್ಣನವರ ಬಳಿ ಹಳೆಯ ಡೈರಿಯಲ್ಲಿ ಬರೆದಿಟ್ಟ ವಿವರಗಳಿದ್ದರೆ ಅವನ್ನು ಉಪಯೋಗಿಸಬಾರದೆಂದು ಖಡಾಖಂಡಿತವಾಗಿ ಹೇಳಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ಅವುಗಳ ಹಳೆಯ ಐಎಫ್‌ಎಸ್‌ಸಿಗಳೂ ಬದಲಾದವು.

ವೆಸ್ಟರ್ನ್ ಯೂನಿಯನ್ ಮುಂತಾದ ಹಣ ರವಾನೆಯ ಸಂಸ್ಥೆಗಳ ಮೂಲಕವೂ ತಾಯಿಯವರಿಗೆ ಹಣ ಕಳುಹಿಸಬಹುದು. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಸಂಸ್ಥೆಗಳ ಮೂಲಕ ಬರುವ ಹಣಕ್ಕೆ ಒಂದು ಬಾರಿಗೆ 2,500 ಡಾಲರ್ ಮಿತಿಯಿದ್ದು, ಒಬ್ಬರು ಒಂದು ವರ್ಷದಲ್ಲಿ 30 ಸಲದವರೆಗೆ ಪಡೆಯಬಹುದು. 2026ರ ಜನವರಿ 1ರಿಂದ ಅಮೆರಿಕದಲ್ಲಿ ನಗದು, ಮನಿ ಆರ್ಡರ್ ಅಥವಾ ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟು ಹೊರದೇಶಕ್ಕೆ ಹಣ ಕಳುಹಿಸಿದರೆ ಶೇಕಡಾ 1ರ ತೆರಿಗೆ ಬೀಳುತ್ತದೆ. ಅಲ್ಲಿಯ ಬ್ಯಾಂಕ್ ಖಾತೆಯಿಂದಲೇ ಕಳುಹಿಸಿದರೆ ಆ ತೆರಿಗೆ ಇಲ್ಲ. ಇಲ್ಲಿ ಮಗ ತಾಯಿಗೆ ಕೊಡುವ ಹಣಕ್ಕೆ ತಾಯಿಯವರು ಆದಾಯ ತೆರಿಗೆ ಕಟ್ಟಬೇಕಾಗಿಲ್ಲ.

ದೇವಸ್ಥಾನದ ಹಣ ಮಾತ್ರ ಬೇರೆಯೇ ವಿಷಯ. ನಿಮ್ಮ ಅಣ್ಣನವರು ಈಗ ಅಮೆರಿಕದ ಪೌರರಾಗಿರುವುದರಿಂದ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸಹ, ಅವರು ಒಂದು ಟ್ರಸ್ಟಿಗೋ ಸಮಿತಿಗೋ ಕೊಡುವ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ ವಿದೇಶಿ ದೇಣಿಗೆಯೆನಿಸುತ್ತದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಈ ತೊಡಕಿಲ್ಲ. ಆ ಕಾಯ್ದೆಯಡಿ ಕೇಂದ್ರ ಗೃಹ ಸಚಿವಾಲಯದ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಮಿತಿ ವಿದೇಶಿ ದೇಣಿಗೆಯನ್ನು ಸ್ವೀಕರಿಸುವಂತಿಲ್ಲ. ಅವು ಇದ್ದರೂ, 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಆ ಸಮಿತಿ ತೆರೆದಿರುವ ಖಾತೆಗೇ. ಆದುದರಿಂದ ಸಮಿತಿಯ ಅಧ್ಯಕ್ಷರನ್ನು ಮೊದಲು ಕೇಳಿ. ತಾಯಿಯವರ ಖಾತೆಗೆ ಒಟ್ಟು ಹಣವನ್ನು ತರಿಸಿ, ಅಲ್ಲಿಂದ ದೇವಸ್ಥಾನಕ್ಕೆ ದಾಟಿಸಿಬಿಡೋಣ ಎಂಬ ಸಲಹೆಯನ್ನು ಊರಿನಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ವಯಸ್ಸಾದ ತಾಯಿಯವರ ಹೆಸರನ್ನು ಇಂಥ ಅಡ್ಡದಾರಿಗೆ ಎಳೆಯಬೇಡಿ. ತಾಯಿಯವರಿಗೇ ಎಂದು ಬರುವ ಹಣ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದರೆ ಮಾತ್ರ ಮೂರು ತಿಂಗಳೊಳಗೆ ಗೃಹ ಸಚಿವಾಲಯಕ್ಕೆ ತಿಳಿಸಬೇಕಾಗುತ್ತದೆ.

ವಿದೇಶದಿಂದ ಹಣ ಬರಲಿದೆಯೆಂಬ ಸುದ್ದಿ ನಾಲ್ಕು ಕಿವಿಗೆ ಬಿದ್ದ ಮೇಲೆ ‘ನಿಮ್ಮ ಹೆಸರಿನ ಡಾಲರ್ ಪಾರ್ಸೆಲ್ ದೆಹಲಿಯ ಕಸ್ಟಮ್ಸ್‌ನಲ್ಲಿ ನಿಂತಿದೆ, ಬಿಡಿಸಿಕೊಳ್ಳಲು ಇಷ್ಟು ಕಟ್ಟಿ’ ಎಂಬ ಕರೆ ಬಂದರೆ ಅದು ವಂಚಕರದೆಂದೇ ತಿಳಿದು ಒಂದು ಪೈಸೆಯನ್ನೂ ಕಳುಹಿಸದಿರಿ. ಕಳುಹಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಯಾದ 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ.