ಅಜ್ಜನ ಮನೆಗೆ ಪ್ಲಾಟಿನಮ್ ಯಾಕೆ ಸಿಕ್ಕುದಿಲ್ಲ: ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್ ಬಗ್ಗೆ ನನ್ನ ಟಿಪ್ಪಣಿ

ಕಟ್ಟಡ ಎಷ್ಟು ಹಸಿರು ಅಂತ ಪಾಯಿಂಟ್ ಲೆಕ್ಕದಲ್ಲಿ ಸರ್ಟಿಫಿಕೇಟ್ ಕೊಡುವ ಒಂದು ಪದ್ಧತಿ ಉಂಟು, ಹೆಸರು ಲೀಡ್, ಅದರಲ್ಲಿ ಎಲ್ಲಕ್ಕಿಂತ ಮೇಲಿನದ್ದು ಪ್ಲಾಟಿನಮ್. ಅದರ ಗ್ರೀನ್ ಅಸೋಸಿಯೇಟ್ ಪರೀಕ್ಷೆಗೆ ನಾವು ನಾಲ್ಕೈದು ಜನ ಸೇರಿ ಓದ್ತಾ ಇದ್ದೇವೆ, ಎಲ್ಲರೂ ಕಾಸರಗೋಡಿನ ಕನ್ನಡ ಮೀಡಿಯಮ್ಮಿನವರೇ, ಪುಸ್ತಕ ಮಾತ್ರ ಇಡೀ ಇಂಗ್ಲಿಷು. ಓದಿದ್ದು ತಲೆಗೆ ಹೋಗ್ಬೇಕಾದ್ರೆ ಒಂದ್ಸಲ ನಮ್ಮ ಭಾಷೆಲಿ ಹೇಳ್ಕೊಳ್ಬೇಕು, ಅದಕ್ಕೇ ಇದು. ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡು ಗಂಟೆ, 200ರಲ್ಲಿ 170 ಬಂದ್ರೆ ಪಾಸ್. ಇಲ್ಲಿ ಬರೆದ ಲೀಡ್ ಅಂಕೆಗಳೆಲ್ಲ ವಿ4ದ್ದು, ಅಂದ್ರೆ ನಾಲ್ಕನೇ ವರ್ಷನ್‌ನದ್ದು, ಹೊಸ ಕಟ್ಟಡಗಳ ಪುಸ್ತಕದ್ದು. 2025ರ ಏಪ್ರಿಲಲ್ಲಿ ವಿ5 ಬಂದಿದೆ, ಹಾಗಾಗಿ ಕೂತುಕೊಳ್ಳುವ ಮೊದಲು ನಿಮ್ಮ ಪೇಪರು ಯಾವ ವರ್ಷನ್‌ನದ್ದು ಅಂತ ನೋಡಿಕೊಳ್ಳಿ.

ಶುರುವಿಗೆ ನಂಗೊಂದು ದೊಡ್ಡ ತಪ್ಪು ತಿಳುವಳಿಕೆ ಇತ್ತು. ಎಣ್ಮಕಜೆ ಕಡೆ ನಮ್ಮ ಅಜ್ಜನ ಮನೆ ಉಂಟು, ಮುರಕಲ್ಲಿನ ಗೋಡೆ, ಹಂಚಿನ ಮಾಡು, ಗುಡ್ಡೆಯ ಸುರಂಗದಿಂದ ಪಂಪೇ ಇಲ್ಲದೆ ಹರಿದು ಬರುವ ನೀರು, ಎಸಿ ಇಲ್ಲ, ಹಗಲು ಲೈಟು ಬೇಡ. ಇದಕ್ಕಿಂತ ಹಸಿರು ಮನೆ ಯಾವುದುಂಟು ಮಾರಾಯ್ರೆ, ನೇರ ಪ್ಲಾಟಿನಮ್ಮೇ ಅಂತ ನಾನು. ಚೆಕ್‌ಲಿಸ್ಟ್ ಹಿಡ್ಕೊಂಡು ಒಂದು ಆದಿತ್ಯವಾರ ಹೋಗಿ ಕೂತೆ. ಒಂಟಿ ಮನೆಗೆ ಲೀಡ್‌ನಲ್ಲಿ ಬೇರೆಯೇ ಪುಸ್ತಕ ಉಂಟು, ಅದು ಗೊತ್ತುಂಟು, ಇದು ಅಭ್ಯಾಸಕ್ಕೆ ಅಷ್ಟೆ. ಅರ್ಧ ಗಂಟೆಯಲ್ಲಿ ಅಜ್ಜನ ಮನೆ ಫೇಲ್!

ಯಾಕೆ ಫೇಲ್ ಅಂತ ಅರ್ಥ ಆದ್ರೆ ಈ ವಿಷಯದ ಅರ್ಧ ಪಾಲು ಅರ್ಥ ಆದ ಹಾಗೆ. ಲೀಡ್‌ನಲ್ಲಿ ಎರಡು ಜಾತಿ ಐಟಂ ಉಂಟು, ಒಂದು ಪ್ರೀರಿಕ್ವಿಸಿಟ್, ಇನ್ನೊಂದು ಕ್ರೆಡಿಟ್. ಕ್ರೆಡಿಟ್‌ಗೆ ಪಾಯಿಂಟ್ ಉಂಟು, ಬೇಕಾದ್ರೆ ಮಾಡು ಬೇಡದಿದ್ರೆ ಬಿಡು. ಪ್ರೀರಿಕ್ವಿಸಿಟ್‌ಗೆ ಪಾಯಿಂಟ್ ಸೊನ್ನೆ, ಆದ್ರೆ ಅದರಲ್ಲಿ ಒಂದು ತಪ್ಪಿದ್ರೂ ಉಳಿದ 110ಕ್ಕೆ 110 ಬಂದ್ರೂ ಸರ್ಟಿಫಿಕೇಟ್ ಇಲ್ಲ. ಅಜ್ಜನ ಮನೆ ಎಲ್ಲಿ ಸಿಕ್ಕಿಬಿತ್ತು ಅಂದ್ರೆ ನೀರಿನ ಮೀಟರಲ್ಲಿ. ಇಡೀ ಕಟ್ಟಡಕ್ಕೆ ಎಷ್ಟು ನೀರು ಹೋಗ್ತದೆ ಅಂತ ಅಳೆಯುವ ಮೀಟರು ಕಡ್ಡಾಯ. ಅಜ್ಜನ ಹತ್ರ ಹೇಳಿದೆ. "ನೀರಿಗೆ ಎಂತಕ್ಕೆ ಮೀಟರು ಮಗಾ, ಕರೆಂಟಾ ಅದು?" ಅಂತ ಜಗಲಿಲಿ ಕೂತು ಬೀಡಿ ಹಚ್ಚಿದ್ರು. ಅಲ್ಲಿಗೆ ಎರಡನೇ ಪ್ರೀರಿಕ್ವಿಸಿಟ್ಟೂ ಹೋಯ್ತು, ಹೊಗೆದ್ದು. ಒಳಗೆ ಸೇದುವ ಹಾಗಿಲ್ಲ, ಹೊರಗೆ ಸೇದುದಾದ್ರೂ ಬಾಗಿಲು ಕಿಟಕಿಯಿಂದ 7.5 ಮೀಟರ್ ದೂರ ಇರ್ಬೇಕು, ನಮ್ಮ ಜಗಲಿಗೂ ಬಾಗಿಲಿಗೂ ಎರಡು ಹೆಜ್ಜೆ.

ಈ ನಗೆಯ ಹಿಂದೆ ಒಂದು ಮಾತುಂಟು. ಸರ್ಟಿಫಿಕೇಟ್ ಕೊಡುವವರಿಗೆ ನಿಮ್ಮ ಕಟ್ಟಡ ಒಳ್ಳೆದು ಅಂದ್ರೆ ಸಾಲುದಿಲ್ಲ, ಒಳ್ಳೆದು ಅಂತ ಅಂಕೆಲಿ ತೋರಿಸ್ಬೇಕು. ಅಜ್ಜ ಹಂಡೆಯ ಬಿಸಿನೀರು ಚೊಂಬಲ್ಲಿ ಹೊಯ್ದುಕೊಂಡು ಒಂದೂವರೆ ಬಕೆಟ್‌ಗೆ ಸ್ನಾನ ಮುಗಿಸ್ತಾರೆ. ಲೀಡ್ ಹೋಲಿಸಿ ನೋಡುವ ಮೂಲ ಲೆಕ್ಕದಲ್ಲಿ ಶವರ್ ನಿಮಿಷಕ್ಕೆ 9.5 ಲೀಟರ್, ಮನೆಗಾದ್ರೆ ಸ್ನಾನ 8 ನಿಮಿಷ, ಅಂದ್ರೆ 76 ಲೀಟರ್. ಅಜ್ಜ ಅದರ ಅರ್ಧಕ್ಕೂ ಹೋಗುದಿಲ್ಲ, ಆದ್ರೆ ಬರೆದಿಟ್ಟವರು ಯಾರು?

ಪಾಯಿಂಟ್ ಹಂಚಿಕೆ ಬಾಯಿಪಾಠ ಬೇಕೇ ಬೇಕು. ಒಟ್ಟು 110, ಅದರಲ್ಲಿ ಎನರ್ಜಿಗೆ 33 ಅಂತ ಮೊದಲು ನೆನಪಿಡಿ, ಉಳಿದದ್ದೆಲ್ಲ ಅದರ ಕೆಳಗೆ. ಜಾಗ ಮತ್ತು ಸಾರಿಗೆ 16, ಒಳಗಿನ ಗಾಳಿ ಬೆಳಕು 16, ಮೆಟೀರಿಯಲ್ 13, ನೀರು 11, ಸೈಟ್ 10, ಇನ್ನೋವೇಶನ್ 6, ಪ್ರಾದೇಶಿಕ 4, ಶುರುವಿಂದಲೇ ಎಲ್ಲರೂ ಒಟ್ಟು ಕೂತು ಪ್ಲಾನ್ ಮಾಡಿದ್ದಕ್ಕೆ 1. 40 ಬಂದ್ರೆ ಸರ್ಟಿಫೈಡ್, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಮ್. ಗೋಲ್ಡ್ 60ರಿಂದ 79ರವರೆಗೆ ಉದ್ದ ಉಂಟು, 70ಕ್ಕೆ ಪ್ಲಾಟಿನಮ್ ಅಂತ ಬರೆದು ಮಾಕ್ ಟೆಸ್ಟಲ್ಲಿ ನಾನು ಎರಡು ಸಲ ಕಳ್ಕೊಂಡಿದ್ದೇನೆ.

ಜಾಗದ 16ರಲ್ಲಿ ಅಜ್ಜನ ಮನೆಗೆ ಹೆಚ್ಚುಕಡಿಮೆ ಏನೂ ಇಲ್ಲ. ಬಸ್‌ಸ್ಟಾಪು 400 ಮೀಟರ್ ನಡಿಗೆಯೊಳಗೆ ಇರ್ಬೇಕು, ಅಲ್ಲಿಂದ ವಾರದ ದಿನ ಕಮ್ಮಿಯಲ್ಲಿ 72 ಟ್ರಿಪ್ ಇರ್ಬೇಕು. ನಮ್ಮಲ್ಲಿ ಬಸ್ಸು ದಿನಕ್ಕೆ ನಾಲ್ಕು, ಅದ್ರಲ್ಲೂ ಮಧ್ಯಾಹ್ನದ್ದು ಡ್ರೈವರಿಗೆ ಮನಸಿದ್ರೆ. ಹಳ್ಳಿಯವರಿಗೆ ಇದು ಅನ್ಯಾಯ ಅಂತ ನಂಗೆ ಕಾಣ್ತದೆ, ಆದ್ರೆ ತರ್ಕ ಉಂಟು: ಎಷ್ಟೇ ಹಸಿರು ಕಟ್ಟಡ ಆಗ್ಲಿ, ಬರುವವರೆಲ್ಲ ಕಾರಲ್ಲೇ ಬಂದ್ರೆ ಕಟ್ಟಡ ಉಳಿಸಿದ್ದನ್ನು ಪೆಟ್ರೋಲು ತಿಂದುಬಿಡ್ತದೆ.

ಮೆಟೀರಿಯಲ್ ವಿಷಯ ಸ್ವಲ್ಪ ನಿಧಾನ ಓದಿ, ಇಲ್ಲಿ ನಮ್ಮೂರಿನವರಿಗೆ ಗೊಂದಲ ಜಾಸ್ತಿ. ಮುರಕಲ್ಲನ್ನು ಗೂಡಲ್ಲಿ ಸುಡ್ಲಿಕ್ಕಿಲ್ಲ, ಕೋರೆಯಲ್ಲಿ ಕಡಿಯುವಾಗ ಮೆದು, ಗಾಳಿಗೆ ಬಿಟ್ಟ ಹಾಗೆ ಗಟ್ಟಿ ಆಗ್ತದೆ, ಅದೂ ಪಕ್ಕದ ಗುಡ್ಡೆಯಿಂದಲೇ ಬರುದು. ಐಜಿಬಿಸಿ ಅಂತ ನಮ್ಮ ದೇಶದ್ದೇ ಗ್ರೀನ್ ಬಿಲ್ಡಿಂಗ್ ಸಂಸ್ಥೆ ಉಂಟು, ಅದರಲ್ಲಿ 400 ಕಿಲೋಮೀಟರ್ ಒಳಗಿನ ಸಾಮಾನಿಗೆ ಸ್ಥಳೀಯ ಅಂತ ಪಾಯಿಂಟ್ ಉಂಟು, ಮುರಕಲ್ಲು ಸಲೀಸು. ಲೀಡ್ ವಿ4ರಲ್ಲಿ ಹಾಗಲ್ಲ. ಸ್ಥಳೀಯ ಅನ್ನುದಕ್ಕೆ ಮಾತ್ರ ಏನೂ ಸಿಕ್ಕುದಿಲ್ಲ, ಮೊದಲು ಅದು ಮರುಬಳಕೆಯದ್ದೋ ರಿಸೈಕಲ್ ಅಂಶ ಇರುವಂಥದ್ದೋ, ಹಾಗೆ ಅವರ ಪಟ್ಟಿಯಲ್ಲಿರುವ ಯಾವುದಾದ್ರೂ ಒಂದು ಜಾತಿಯದ್ದು ಆಗಿರ್ಬೇಕು, ಆಮೇಲೆ 160 ಕಿಲೋಮೀಟರ್ ಒಳಗಿದ್ರೆ ಅದರ ಬೆಲೆಯನ್ನು ಲೆಕ್ಕದಲ್ಲಿ ಡಬಲ್ ಹಿಡಿತಾರೆ. ಹಾಗಾಗಿ ಕೋರೆಯಿಂದ ಬಂದ ಹೊಸ ಮುರಕಲ್ಲಿಗೆ ಇಲ್ಲಿ ಏನೂ ಇಲ್ಲ, ಹಳೇ ಮನೆ ಬಿಚ್ಚಿದ ಕಲ್ಲು, ಪಕ್ಕಾಸು, ಹಂಚು ತಂದು ಕಟ್ಟಿದ್ರೆ ಡಬಲ್ ಲಾಭ. ನಮ್ಮಲ್ಲಿ ಹಳೇ ಮನೆಯ ಮರ ಹುಡುಕಿಕೊಂಡು ಹೋಗಿ ಕೊಳ್ಳುವವರು ಬೇಕಷ್ಟಿದ್ದಾರೆ, ಅವರು ಬಿಲ್ ತೆಗೊಂಡಿದ್ರೆ ಆಗಿತ್ತು. ರಿಸೈಕಲ್ ಅಂಶಕ್ಕೆ ಸುಲಭದ ಉದಾಹರಣೆ ಪಿಪಿಸಿ ಸಿಮೆಂಟು, ಅದ್ರಲ್ಲಿ 15ರಿಂದ 35 ಪರ್ಸೆಂಟ್ ಹಾರುಬೂದಿ ಇರ್ತದೆ. ಬೂದಿ ಸೇರಿದಷ್ಟು ಕ್ಲಿಂಕರ್, ಅಂದ್ರೆ ಅರೆದು ಸಿಮೆಂಟ್ ಮಾಡುವ ಸುಟ್ಟ ಉಂಡೆ, ಕಮ್ಮಿ, ಕ್ಲಿಂಕರಿಗೆ ಸುಣ್ಣಕಲ್ಲು ಸುಡುವಾಗ ಕಲ್ಲಿನೊಳಗಿನ ಕಾರ್ಬನ್ ಡೈಆಕ್ಸೈಡೇ ಹೊರಗೆ ಬರ್ತದಲ್ಲ, ಅದೂ ಅಷ್ಟು ಕಮ್ಮಿ.

ನೀರಿನ ಲೆಕ್ಕ ಒಂದು ಕೈಯಲ್ಲಿ ಮಾಡಿ ನೋಡಿ. 100 ಚದರ ಮೀಟರಿನ ಹಂಚಿನ ಮಾಡು, ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಒಂದು ಮಿಲಿಮೀಟರ್ ಮಳೆ ಅಂದ್ರೆ ಚದರ ಮೀಟರಿಗೆ ಒಂದು ಲೀಟರ್. ಅಲ್ಲಿಗೆ 3,50,000 ಲೀಟರ್, ಸೋರಿದ್ದು ಆವಿ ಆದದ್ದು ಅಂತ 0.85ರಿಂದ ಗುಣಿಸಿದ್ರೆ 2,97,500. ಐದು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಹಿಡಿದ್ರೆ ದಿನಕ್ಕೆ 675, ಭಾಗಿಸಿದ್ರೆ 440 ದಿನಕ್ಕೆ ಸಾಕು, ವರ್ಷ ಕಳೆದು ಇನ್ನೂ ಉಳಿತದೆ. ಆದ್ರೂ ಏಪ್ರಿಲಲ್ಲಿ ನಮ್ಮ ಬಾವಿಯ ತಳ ಕಾಣ್ತದೆ. ಮಳೆ ಹೆಚ್ಚಿನದ್ದೂ ಜೂನಿಂದ ಸೆಪ್ಟೆಂಬರ್ ಒಳಗೆ ಹೊಯ್ದು ಮುಗಿತದೆ, ಮೂರು ಲಕ್ಷ ಲೀಟರಿನ ಟ್ಯಾಂಕ್ ಯಾರೂ ಕಟ್ಟುದಿಲ್ಲ. ಅದಕ್ಕೇ ಇಲ್ಲಿ ಟ್ಯಾಂಕಿಗಿಂತ ಇಂಗಿಸುದು ಮುಖ್ಯ, ಹಿಂದಿನವರು ಮದಕ ಮಾಡಿ ಗುಡ್ಡೆಯ ಮೇಲೆ ನೀರು ನಿಲ್ಲಿಸಿದ್ದೂ ಅದಕ್ಕೇ.

ಈಗ ಕಿಟಕಿ. ಇದು ಲೀಡ್ ಅಲ್ಲ, ಕೇಂದ್ರದ ಬಿಇಇ, ಅಂದ್ರೆ ಕರೆಂಟ್ ಉಳಿತಾಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, 2018ರಲ್ಲಿ ತಂದ ಇಕೋ ನಿವಾಸ್ ಸಂಹಿತಾ, ವಾಸದ ಕಟ್ಟಡಗಳಿಗೆ ಇರುವ ನಿಯಮ. ನಮ್ಮದು ಸೆಕೆ ಮತ್ತು ತೇವದ ಹವೆಯ ವಲಯ, ಇಲ್ಲಿ ತೆರೆಯಲಿಕ್ಕೆ ಬರುವ ಕಿಟಕಿಯ ಜಾಗ ಕಾರ್ಪೆಟ್ ಏರಿಯಾದ 16.66 ಪರ್ಸೆಂಟಾದ್ರೂ ಬೇಕು, ಆರರಲ್ಲೊಂದು ಪಾಲು. 1,200 ಚದರಡಿ ಮನೆಗೆ 200 ಚದರಡಿ. ನಾಲ್ಕಡಿ ನಾಲ್ಕಡಿಯ 16 ಕಿಟಕಿ ಅಂದ್ರೆ 256, ಆಯ್ತಲ್ಲ ಅಂತ ಕಾಣ್ತದೆ. ಆದ್ರೆ ಎರಡು ಪಾಲಿನ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುದು, ಲೆಕ್ಕಕ್ಕೆ 50 ಪರ್ಸೆಂಟ್, 128ಕ್ಕೆ ಇಳಿತು, ಫೇಲ್. ಅದೇ ತೂತಿಗೆ ಹೊರಗೆ ತೆರೆಯುವ ಮರದ ಬಾಗಿಲಿನ ಕಿಟಕಿ ಇಟ್ರೆ 90 ಪರ್ಸೆಂಟ್, 230, ಪಾಸ್. ವೆಂಟಿಲೇಟರ್, ಬಾಲ್ಕನಿ ಬಾಗಿಲು ಇದ್ರೆ ಅದೂ ಸೇರ್ತದೆ. ಈಗ ಊರಲ್ಲಿ ಎಲ್ಲರೂ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿ ಆಮೇಲೆ ಸೆಕೆ ತಡಿಲಿಕ್ಕಾಗದೆ ಎಸಿ ತರುದು! 2018ರ ಈ ಸಂಹಿತೆ ಬರೆದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗಕ್ಕೆ, ನಮ್ಮ ಲೆಕ್ಕದಲ್ಲಿ ಹನ್ನೆರಡು ಚಿಲ್ಲರೆ ಸೆಂಟ್ಸು, ಅದೂ ರಾಜ್ಯ ತನ್ನ ಕಟ್ಟಡ ನಿಯಮಕ್ಕೆ ಸೇರಿಸಿಕೊಂಡ ಮೇಲೆ. ಕಡ್ಡಾಯ ಇಲ್ಲದಿದ್ರೂ ಟೇಪ್ ಹಿಡಿದು ಅಳಿಲಿಕ್ಕೆ ದುಡ್ಡು ಬೇಡ.

ಎನರ್ಜಿಯ 33ರಲ್ಲಿ 18 ಒಂದೇ ಕ್ರೆಡಿಟ್‌ನದ್ದು. ಕಂಪ್ಯೂಟರಲ್ಲಿ ಎರಡು ಕಟ್ಟಡ ಕಟ್ತಾರೆ, ಒಂದು ನಿಮ್ಮದು, ಇನ್ನೊಂದು ಅದೇ ಅಳತೆಯದ್ದು ಆದ್ರೆ ಆಶ್ರೇ 90.1 ಅನ್ನುವ ಸ್ಟ್ಯಾಂಡರ್ಡಿನ ಪ್ರಕಾರ ಸಾದಾ ಆಗಿ ಕಟ್ಟಿದ್ದು. ವಿ4ರ ಮೊದಲ ಪುಸ್ತಕದ ಪ್ರಕಾರ ನಿಮ್ಮದರ ವರ್ಷದ ಎನರ್ಜಿ ಖರ್ಚು ಅದಕ್ಕಿಂತ 5 ಪರ್ಸೆಂಟಾದ್ರೂ ಕಮ್ಮಿ ಬಂದ್ರೆ ಪ್ರೀರಿಕ್ವಿಸಿಟ್ ದಾಟಿತು, 6ರಿಂದ ಪಾಯಿಂಟ್ ಶುರು. ಸೋಲಾರ್ ಹಾಕಿದ್ರೆ ಗ್ರೀನ್ ಬಿಲ್ಡಿಂಗ್ ಆಯ್ತು ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಕೊಚ್ಚಿ ಏರ್‌ಪೋರ್ಟ್ 2015ರ ಆಗಸ್ಟಲ್ಲಿ ಪೂರ್ತಿ ಸೋಲಾರಿಗೆ ಬಂತು, ದೊಡ್ಡ ಕೆಲಸವೇ, ಆದ್ರೆ ಅದು ಕರೆಂಟ್ ಎಲ್ಲಿಂದ ಬರ್ತದೆ ಅನ್ನುವ ಪ್ರಶ್ನೆಗೆ ಉತ್ತರ, ಕಟ್ಟಡಕ್ಕೆ ಎಷ್ಟು ಬೇಕು ಅನ್ನುವ ಪ್ರಶ್ನೆ ಬೇರೆ. ದೆಹಲಿಯ ಇಂದಿರಾ ಪರ್ಯಾವರಣ ಭವನದಲ್ಲಿ ಮೊದಲು ಬೇಡಿಕೆ ಇಳಿಸಿ ಆಮೇಲೆ ಪ್ಯಾನೆಲ್ ಹಾಕಿದ್ದು, 2014ರಲ್ಲಿ ಉದ್ಘಾಟನೆ, ಅದಕ್ಕೆ ಲೀಡ್ ಪ್ಲಾಟಿನಮ್ ಮತ್ತು "ಗೃಹ" ಅನ್ನುವ ನಮ್ಮ ದೇಶದ ರೇಟಿಂಗಿನ ಐದು ಸ್ಟಾರ್ ಎರಡೂ ಉಂಟು.

ಯಾವ ಸಂಸ್ಥೆ ಯಾವುದು ಅಂತ ಬೇಗ ಹೇಳಿಬಿಡ್ತೇನೆ. ಲೀಡ್ ಅಮೆರಿಕದ ಯುಎಸ್‌ಜಿಬಿಸಿಯದ್ದು, ಆ ಸಂಸ್ಥೆ ಶುರುವಾದದ್ದು 1993. ಐಜಿಬಿಸಿ 2001ರಲ್ಲಿ ಉದ್ಯಮಿಗಳ ಒಕ್ಕೂಟ ಸಿಐಐ ಶುರು ಮಾಡಿದ್ದು, ಹೈದರಾಬಾದ್‌ನದ್ದು, ಅದರ ಸೊಹ್ರಾಬ್‌ಜಿ ಗೋದ್ರೆಜ್ ಸೆಂಟರ್‌ಗೆ 2003ರಲ್ಲಿ ಲೀಡ್ ಪ್ಲಾಟಿನಮ್ ಬಂತು, ಅಮೆರಿಕದ ಹೊರಗೆ ಅದೇ ಮೊದಲು, ಪ್ರಶ್ನೆಗೆ ಬರುವಂಥ ವಿಷಯ. ಗೃಹ ಅಂದ್ರೆ ದೆಹಲಿಯ ಇಂಧನ ಸಂಶೋಧನಾ ಸಂಸ್ಥೆ ಟೆರಿ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು, ಸ್ಟಾರ್ ಲೆಕ್ಕ, ಐದು ವರ್ಷಕ್ಕೆ ಮಾತ್ರ, ಅವರು ಸೈಟಿಗೇ ಬಂದು ನೋಡ್ತಾರೆ. ಸಣ್ಣ ಕಟ್ಟಡಕ್ಕೆ ಅವರದ್ದೇ ಸ್ವಗೃಹ ಉಂಟು, 2,500 ಚದರ ಮೀಟರ್ ಒಳಗಿನದ್ದಕ್ಕೆ. ಎಡ್ಜ್ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯದ್ದು, ಎನರ್ಜಿ, ನೀರು, ಮೆಟೀರಿಯಲ್ ತಯಾರಿಯ ಕಾರ್ಬನ್ (ಮೊದಲು ತಯಾರಿಯ ಎನರ್ಜಿ ಲೆಕ್ಕ ಇತ್ತು), ಮೂರರಲ್ಲೂ 20 ಪರ್ಸೆಂಟ್ ಉಳಿಸಿದ್ರೆ ಆಯ್ತು, ನಂಗೆ ಇದರ ಸರಳತೆ ಇಷ್ಟ.

ಪ್ರಾಜೆಕ್ಟ್ ನಡೆಯುದು ಹೇಗೆ ಅಂದ್ರೆ ಮೊದಲು ರಿಜಿಸ್ಟ್ರೇಶನ್, ಮತ್ತೆ ಯಾವ ಪಾಯಿಂಟ್ ಯಾರ ಜವಾಬ್ದಾರಿ ಅಂತ ಶೀಟ್, ಡ್ರಾಯಿಂಗ್ ಮುಗಿದ ಮೇಲೆ ಬೇಕಾದ್ರೆ ಡಿಸೈನ್ ರಿವ್ಯೂ, ಕಟ್ಟಿ ಆದ ಮೇಲೆ ಕನ್‌ಸ್ಟ್ರಕ್ಷನ್ ರಿವ್ಯೂ. ಕಮಿಶನಿಂಗ್ ಅಂತ ಒಂದುಂಟು, ಎಸಿ ಲೈಟು ಪಂಪು ಎಲ್ಲ ಡ್ರಾಯಿಂಗಲ್ಲಿ ಹೇಳಿದ ಹಾಗೆ ಓಡ್ತದಾ ಅಂತ ಪರೀಕ್ಷೆ ಮಾಡುದು. ಹೇಳಿದ್ದು ಸುಲಭ, ಸೈಟಲ್ಲಿ ಬೇರೆ. ನಾನು ಟ್ರೈನಿಂಗಿಗೆ ಇದ್ದ ಒಂದು ಸೈಟಲ್ಲಿ ಕಸದ ಕ್ರೆಡಿಟ್ ನನ್ನ ತಲೆಗೆ ಬಿತ್ತು. ಕಟ್ಟಡದ ಕಸದಲ್ಲಿ ಮೂರು ಜಾತಿಯದ್ದು ಬೇರೆ ಮಾಡಿ 50 ಪರ್ಸೆಂಟ್ ಗುಂಡಿಗೆ ಹೋಗದ ಹಾಗೆ ನೋಡಿದ್ರೆ 1 ಪಾಯಿಂಟ್, ನಾಲ್ಕು ಜಾತಿ 75 ಪರ್ಸೆಂಟಿಗೆ 2. ಕಬ್ಬಿಣದ ತುಂಡು, ಹಲಗೆ, ಸಿಮೆಂಟ್ ಚೀಲ, ಒಡೆದ ಕಲ್ಲು ಎಲ್ಲ ನಿಜವಾಗಿಯೂ ಬೇರೆ ಆಗಿತ್ತು, ಗುಜರಿಯವರು ಬಂದು ಒಯ್ದಿದ್ರು, ಆದ್ರೆ ಮೂರು ತಿಂಗಳು ತೂಕದ ಚೀಟಿ ನಾನು ಕೇಳಿಯೇ ಇಲ್ಲ. ಕೇಳ್ಲಿಕ್ಕೆ ಹೋದಾಗ "ಆ ಚೀಟಿ ಯಾರು ಇಡ್ತಾರೆ ಮೋನೆ" ಅಂತ ನಕ್ಕರು. ಪಾಯಿಂಟ್ ಹೋಯ್ತು. ಕಸ ಮರುಬಳಕೆ ಆದದ್ದು ಸತ್ಯ, ಕಾಗದದಲ್ಲಿ ಆಗ್ಲಿಲ್ಲ ಅಷ್ಟೆ. ಅವತ್ತಿಂದ ಡೆಲಿವರಿ ಚಲನ್, ಪೈಂಟ್ ಡಬ್ಬದ ಲೇಬಲ್, ವೇಬ್ರಿಜ್ ಚೀಟಿ ಎಲ್ಲ ಬಂದ ಗಳಿಗೆಲೇ ಮೊಬೈಲಲ್ಲಿ ಫೋಟೋ, ತಾರೀಕು ಹಾಕಿ ಫೋಲ್ಡರಿಗೆ.

ಇನ್ನೊಂದು ಪ್ರೀರಿಕ್ವಿಸಿಟ್ ನಮ್ಮ ಜಿಲ್ಲೆಗೇ ಬರೆದ ಹಾಗುಂಟು: ಕಟ್ಟುವಾಗ ಮಣ್ಣು ಕೊಚ್ಚಿ ಹೋಗದ ಹಾಗೆ ತಡೆಯುದು. ಮೇ ತಿಂಗಳಲ್ಲಿ ಜೆಸಿಬಿ ತಂದು ಗುಡ್ಡೆ ಕಡಿದು ಸೈಟ್ ಮಾಡ್ತಾರೆ, ಜೂನಿನ ಮೊದಲ ಮಳೆಗೆ ಕೆಂಪು ಮಣ್ಣು ಕೆಳಗಿನವರ ಅಡಿಕೆ ತೋಟಕ್ಕೆ, ರೋಡಿನ ಚರಂಡಿಗೆ, ಮತ್ತೆ ನೆರೆಕರೆಯಲ್ಲಿ ಜಗಳ. ಲೀಡ್ ಕೇಳುದು ಇಷ್ಟೇ, ಮೇಲ್ಮಣ್ಣು ಬೇರೆ ರಾಶಿ ಹಾಕಿ ಮುಚ್ಚಿಡಿ, ಇಳಿಜಾರಿನ ಕೆಳಗೆ ಮಣ್ಣು ನಿಲ್ಲುವ ಗುಂಡಿ ಮಾಡಿ, ಗಾಡಿ ಹೊರಗೆ ಹೋಗುವಾಗ ಚಕ್ರ ತೊಳಿರಿ, ಇದರ ಪ್ಲಾನ್ ಮೊದಲೇ ಬರೆದಿಡಿ. ಪಾಯಿಂಟ್ ಇಲ್ಲದ ಐಟಂ ಅಂತ ಪರೀಕ್ಷೆಗೆ ಓದುವವರು ಹಾರಿಸಿ ಹೋಗ್ತಾರೆ, ಪ್ರಶ್ನೆ ಬರುದು ಇಲ್ಲಿಂದಲೇ.

ಕಳೆದ ವಾರ ಅಜ್ಜನ ಮನೆಗೆ ಪುನಃ ಹೋದೆ, ಸುರಂಗದ ಬಾಯಿಯಲ್ಲಿ ಹತ್ತು ಲೀಟರಿನ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದೆ. ತುಂಬ್ಲಿಕ್ಕೆ ಒಂದು ನಿಮಿಷ ಹತ್ತು ಸೆಕೆಂಡು. ಹಾಳೆಯಲ್ಲಿ ತಾರೀಕು ಸಮೇತ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಬಂದಿದ್ದೇನೆ, ಮುಂದಿನ ತಿಂಗಳದ್ದು ಅಜ್ಜನೇ ಅಳಿತಾರಂತೆ.