ಮೊದಲ ಆರ್‌ಸಿ ವಿಮಾನ: ಚಂದ ಆಮೇಲೆ ನೋಡೋಣ

ಆರ್‌ಸಿ ವಿಮಾನ (ರೇಡಿಯೊ ರಿಮೋಟ್‌ನಿಂದ ನಡೆಸುವ ಪುಟ್ಟ ವಿಮಾನ) ಹಾರಿಸಲು ಕಲಿಯಬೇಕು ಅಂತ ಬರುವವರು ಹೆಚ್ಚಾಗಿ ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತಾರೆ. ಸ್ಪಿಟ್‌ಫೈರ್ ಯುದ್ಧವಿಮಾನದ ಮಾದರಿ, ಇಲ್ಲವೇ ಯಾವುದೋ ಜೆಟ್. "ಇದನ್ನೇ ತಗೊಳ್ಳಲಾ ಸಾರ್?" ಬೇಡ. ಅಂಥವು ವೇಗ ತಗ್ಗಿದರೆ ಥಟ್ಟನೆ ಒಂದು ರೆಕ್ಕೆ ಕೆಳಗೆ ಹಾಕಿ ಮಗುಚಿಬಿಡುತ್ತವೆ. ಹೊಸಬರಿಗೆ ಬೇಕಿರುವುದು ಯೋಚಿಸಲು ಎರಡು ಸೆಕೆಂಡಾದರೂ ಬಿಡುವು ಕೊಡುವ ವಿಮಾನ.

ಆ ಬಿಡುವು ಸಿಗುವುದು ರೆಕ್ಕೆಯಿಂದ. ರೆಕ್ಕೆ ಮೈಯ ಮೇಲ್ಭಾಗದಲ್ಲಿರಲಿ. ಎದುರಿನಿಂದ ನೋಡಿದಾಗ ಎರಡು ತುದಿಯೂ ಸ್ವಲ್ಪ ಮೇಲೆದ್ದಿರಲಿ. ಇದನ್ನು ಡೈಹೆಡ್ರಲ್ ಅನ್ನುತ್ತೇವೆ. ವಿಮಾನ ವಾಲಿದಾಗ ತಗ್ಗಿದ ರೆಕ್ಕೆಯ ಕಡೆಗೇ ಜಾರುತ್ತದೆ. ಆಗ ಆ ರೆಕ್ಕೆಗೆ ಎತ್ತುವ ಬಲ ಜಾಸ್ತಿ ಸಿಕ್ಕಿ, ಅದು ತಾನಾಗಿ ಮೇಲೇಳುತ್ತದೆ. ಸಾಕಷ್ಟು ಎತ್ತರವಿದ್ದರೆ, ಗಾಬರಿಯಾದಾಗ ಸ್ಟಿಕ್ (ರಿಮೋಟ್‌ನ ಹಿಡಿ) ಬಿಟ್ಟರೂ ನಡೆಯುತ್ತದೆ.

ಇನ್ನೊಂದು, ರೆಕ್ಕೆಯ ಮೇಲಿನ ಹೊರೆ. ಇದನ್ನು ಯಾರೂ ಕೇಳುವುದೇ ಇಲ್ಲ, ಲೆಕ್ಕ ಮಾತ್ರ ಸುಲಭ. ರೆಕ್ಕೆ ತುದಿಯಿಂದ ತುದಿಗೆ 1.4 ಮೀಟರ್ ಉದ್ದ, 20 ಸೆಂ.ಮೀ. ಅಗಲ ಇದ್ದರೆ 28 ಚದರ ಡೆಸಿಮೀಟರ್ ಆಯಿತು. ಬ್ಯಾಟರಿ ಸೇರಿ ತೂಕ 1,120 ಗ್ರಾಂ ಇದ್ದರೆ ಚದರ ಡೆಸಿಮೀಟರ್‌ಗೆ 40 ಗ್ರಾಂ. ಈ ಅಳತೆಯ ವಿಮಾನಕ್ಕೆ ಇದು ಹಿತವಾದ ಸಂಖ್ಯೆ. ಅದೇ ರೆಕ್ಕೆಗೆ ತೂಕ ಹೆಚ್ಚಿದಷ್ಟೂ ವಿಮಾನ ಜೋರಾಗಿ ಹಾರಬೇಕು, ಜೋರಾಗಿಯೇ ಇಳಿಯಬೇಕು.

ತೀರಾ ಚಿಕ್ಕದು ಅಗ್ಗ ಅಂತ ತರಬೇಡಿ. ಸಣ್ಣ ಗಾಳಿಗೂ ಅದು ಎಗರಾಡುತ್ತದೆ, ಸ್ವಲ್ಪ ದೂರ ಹೋದರೆ ಯಾವ ಕಡೆ ಮುಖ ಮಾಡಿದೆ ಅಂತಲೇ ತಿಳಿಯುವುದಿಲ್ಲ. ಬಾಲ್ಸಾ ಮರದ್ದು ನೋಡಲು ಸೊಗಸು, ಆದರೆ ಒಮ್ಮೆ ಬಿದ್ದರೆ ರಿಪೇರಿಗೆ ಹಲವು ಸಂಜೆ ಬೇಕು. ಇಪಿಒ ಫೋಮ್ (ಥರ್ಮೋಕೋಲ್‌ನಂಥ ಹಗುರ ವಸ್ತು) ಆದರೆ ಅಂಟು ಹಾಕಿ, ಟೇಪ್ ಸುತ್ತಿ, ಹಲವು ಬಾರಿ ಅದೇ ದಿನ ಮತ್ತೆ ಹಾರಿಸಬಹುದು.

ಜೈರೊ (ವಿಮಾನದ ಅಲುಗಾಟವನ್ನು ತಾನೇ ಸರಿಪಡಿಸುವ ಸಾಧನ) ಇರುವುದನ್ನು ಕೊಂಡರೆ ತಪ್ಪಿಲ್ಲ. ಆದರೆ ಅದನ್ನು ಸ್ವಿಚ್ಚಿನಲ್ಲಿ ಆಫ್ ಮಾಡಲು ಬರಬೇಕು. ಸದಾ ಜೈರೊ ನಂಬಿ ಹಾರಿಸಿದವರ ಕೈ ಪಳಗುವುದಿಲ್ಲ.

ವಿಮಾನಕ್ಕಿಂತ ಮೊದಲು ರೇಡಿಯೊ, ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್, ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ. ವಿಮಾನ ಬದಲಾಗುತ್ತದೆ, ರೇಡಿಯೊ ವರ್ಷಗಟ್ಟಲೆ ಬರುತ್ತದೆ. ಮೋಡ್ 1 ಬೇಕಾ, ಮೋಡ್ 2 ಬೇಕಾ (ಯಾವ ಸ್ಟಿಕ್ ಯಾವ ಕೆಲಸ ಮಾಡಬೇಕು ಅನ್ನುವ ಜೋಡಣೆ) ಅನ್ನುವ ಜಗಳ ಬೇಡ, ನಿಮಗೆ ಕಲಿಸುವವರು ಬಳಸುವುದನ್ನೇ ತಗೊಳ್ಳಿ. ರೇಡಿಯೊವನ್ನು ಕಂಪ್ಯೂಟರ್‌ಗೆ ಜೋಡಿಸಿ ಸಿಮ್ಯುಲೇಟರ್‌ನಲ್ಲಿ ಒಂದೇ ಒಂದನ್ನು ಚೆನ್ನಾಗಿ ರೂಢಿ ಮಾಡಿ: ವಿಮಾನ ನಿಮ್ಮ ಕಡೆಗೇ ಬರುವಾಗ ತಿರುಗಿಸುವುದು. ಆಗ ಎಡ ಬಲ ಅದಲುಬದಲು ಅಲ್ವಾ? ಯಾವ ರೆಕ್ಕೆ ತಗ್ಗಿದೆಯೋ ಸ್ಟಿಕ್ಕನ್ನು ಆ ಕಡೆಗೆ ಒತ್ತಿ, ರೆಕ್ಕೆ ಸಮವಾಗುತ್ತದೆ.